ಪಕ್ಕದ ಮನೆಯವಳಾದ ಅಜ್ಜಿ

ಅಜ್ಜಂಪುರದ ನಮ್ಮ ಮನೆಯಲ್ಲಿ ಅಜ್ಜಿ ಎದ್ದಳೆಂದು ಗೊತ್ತಾಗುತ್ತಿದ್ದುದು ಅವಳ ಕೆಮ್ಮಿನಿಂದ. ಸೊಸೆಯಾಗಿ ಬಂದ ದಿನದಿಂದ ಒಲೆ ಅವಳದೇ. ಉರಿಸಲು ಹತ್ತಿಕಡ್ಡಿ, ಬೆರಣಿ. ಮಳೆಗಾಲದಲ್ಲಿ ಎರಡೂ ಹಸಿ. ಊದುಗೊಳವೆ ಊದಿ ಊದಿ ಉಸಿರೆಲ್ಲ ಒಲೆಗೇ ಹೋಗಿತ್ತು. ಹಿತ್ತಲಿಗೆ ಹೋಗಿಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಅದು ಹೊಗೆಯ ಕೆಮ್ಮೆಂದು ನಮಗೆ ಗೊತ್ತಿತ್ತು. ಊರಿನ ಬಾಯಿಗೆ ಮಾತ್ರ ಕೆಮ್ಮೆಂದರೆ ಕ್ಷಯ. ಅಂಥ ಮನೆಯ ಹೆಣ್ಣನ್ನು ಯಾರು ತರುತ್ತಾರೆ? ಒಂದು ಗಂಡಿನ ಕಡೆಯವರು ಆ ಕೆಮ್ಮು ಕೇಳಿಯೇ ಕಾಫಿ ಮುಟ್ಟದೆ ಎದ್ದುಹೋಗಿದ್ದರು.

ಅರವತ್ತನೇ ಇಸವಿಯ ಆಚೀಚೆ ಇರಬೇಕು, ಹಿರೇನಲ್ಲೂರಿನವರು ನನ್ನನ್ನು ನೋಡಲು ಬರುತ್ತೇವೆಂದರು. ಆ ಬೆಳಿಗ್ಗೆ ಅವ್ವ ಅಜ್ಜಿಯ ಮುಂದೆ ನಿಂತು, “ಅತ್ತೇ, ಅವ್ರು ಹೋಗೋಗಂಟ ಬಚ್ಚಲುಮನೇಲಿ ಕೂತಿರ್ರಿ,” ಅಂದಳು.

“ಆಯ್ತು ಬಿಡವ್ವ,” ಎಂದು ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡು ಎದ್ದಳು.

ನಮಗೆಲ್ಲ ಮಂಕು ಬಡಿದಿತ್ತು. ನೆಂಟರಿಗೆ ಕೈಕಾಲು ತೊಳೆಯಲು ಬಿಸಿನೀರು ಕೊಡುವುದು ನಮ್ಮ ಮನೆಯ ದೊಡ್ಡಸ್ತಿಕೆ. ಹಂಡೆಯ ಒಲೆ ಉರಿಯುತ್ತಿದ್ದುದು ಅದೇ ಬಚ್ಚಲಲ್ಲಿ!

ನಾನು ಕಾಫಿ ತಟ್ಟೆ ಹಿಡಿದು ಬಂದಾಗ ಹಿತ್ತಲಿಂದ ಕೆಮ್ಮು ಶುರುವಾಯಿತು. ನಿಲ್ಲಲೇ ಇಲ್ಲ. ನಾಚಿಕೆಯಿಂದ ನನ್ನ ಕಿವಿ ಸುಟ್ಟವು. ಗಂಡಿನ ತಾಯಿ ತಾವೇ ಎದ್ದುಹೋಗಿ, ಬಚ್ಚಲ ಬಾಗಿಲು ತೆಗೆದು, ಕಣ್ಣಲ್ಲಿ ನೀರು ಸುರಿಯುತ್ತಿದ್ದ ಅಜ್ಜಿಯನ್ನು ಕೈಹಿಡಿದು ನಡುಮನೆಗೆ ಕರೆತಂದರು.

“ಯಾರವ್ವ ನೀವು? ಆ ಹೊಗೇಲಿ ಯಾಕ್ ಕೂತಿದ್ರಿ?”

ಅಜ್ಜಿ ಏದುಸಿರಿನಲ್ಲೇ ಅಂದಳು, “ನಾನು ಈ ಮನೆಯೋಳಲ್ಲ ಕಣವ್ವ. ಪಕ್ಕದ್ಮನೆಯೋಳು. ನೀರು ಕಾಯ್ಸಾಕ್ ಬಂದಿದ್ದೆ.”

ಅವಳೇ ಹೆತ್ತ ಮಗ, ನಮ್ಮಪ್ಪ, ಕಂಬ ನೋಡುತ್ತ ನಿಂತ. ಅವ್ವ ಅಡಿಗೆಮನೆಗೆ ಸರಿದಳು. ತಲೆ ತಗ್ಗಿಸಿ ನಿಲ್ಲುವುದು ಹೆಣ್ಣಿಗೆ ಲಕ್ಷಣ ಅನ್ನುತ್ತಾರಲ್ಲ, ನನಗೆ ಅಷ್ಟೇ ಸಾಕಾಯಿತು. ಭೂಮಿ ಬಾಯಿಬಿಡಬಾರದೆ ಅನ್ನಿಸಿತು, ಬಾಯಿ ಬಿಡಬೇಕಾದವಳು ನಾನಾಗಿದ್ದರೂ.

ಸಂಬಂಧ ಕುದುರಿತು. ಧಾರೆಗೆ ಮುಂಚೆ ಅಜ್ಜಿಯ ಕಾಲಿಗೆ ಬಿದ್ದು, ಚಪ್ಪರಕ್ಕೆ ಬಾ, ಮೊದಲ ಅಕ್ಷತೆ ನಿನ್ನದೇ ಎಂದೆ. ಕೋಣೆಯ ಗೋಡೆಗೆ ಒರಗಿದ್ದವಳು ಅಲ್ಲಿಂದಲೇ ನನ್ನ ತಲೆಯ ಮೇಲೆ ಅಕ್ಷತೆ ಕಾಳು ಹಾಕಿದಳು.

“ನಾ ಒಲ್ಲೆ ಕಣೇ. ಬೀಗ್ರು ಗುರುತು ಹಿಡಿತಾರೆ. ಪಕ್ಕದ್ಮನೆಯೋಳು ಮುಂದೆ ನಿಂತ್ರೆ ಏನಂದ್ಕೊಂಡಾರು?”