ಮರಳಲ್ಲಿ ಹೇಳಬೇಕಿದ್ದ ಮಾತು

ನನ್ನ ಗಂಡ ಕೆಲಸ ಮಾಡುತ್ತಿದ್ದ ಕಂಪನಿ ಮುಚ್ಚುತ್ತದೆ ಎಂದು ನಮಗೆ ಗೊತ್ತಾದದ್ದು ಡಿಸೆಂಬರಿನಲ್ಲಿ. ಕಫೀಲ್, ಅಂದರೆ ನಮ್ಮ ವೀಸಾಕ್ಕೆ ಹೊಣೆಯಾಗಿದ್ದ ಒಮಾನಿ ಮಾಲೀಕರು, ಒಳ್ಳೆಯ ಮಾತಿನಲ್ಲೇ ಹೇಳಿದರು. ಮಾರ್ಚ್ ಕೊನೆಯವರೆಗೆ ವೀಸಾ ಇರುತ್ತದೆ, ಅಷ್ಟರೊಳಗೆ ಬೇರೆ ಕಡೆ ಕೆಲಸ ಸಿಕ್ಕಿದರೆ ಬಿಟ್ಟುಕೊಡುತ್ತೇನೆ ಎಂದರು. ಕೆಲಸ ಸಿಗಲಿಲ್ಲ. ಐವತ್ತರ ಹತ್ತಿರ ಬಂದ ಸ್ಟೋರ್ ಮ್ಯಾನೇಜರು ಯಾರಿಗೂ ಬೇಕಾಗಿರಲಿಲ್ಲ. ಜನವರಿ ಮುಗಿಯುವಾಗ ಊರಿಗೆ ಹೋಗುವುದೇ ಎಂದು ನಿಶ್ಚಯವಾಯಿತು. ಮಕ್ಕಳಿಗೆ ಹೇಳುವುದು ಮಾತ್ರ ಆಗಲಿಲ್ಲ.

ದೊಡ್ಡವಳಿಗೆ ಹದಿನಾಲ್ಕು, ಚಿಕ್ಕವಳಿಗೆ ಎಂಟು. ಇಬ್ಬರೂ ಮಸ್ಕತ್ತಿನಲ್ಲಿ ಹುಟ್ಟಿದವರು. ಊರು ಅಂದರೆ ಅವರ ಪಾಲಿಗೆ ಶಾಲೆಗೆ ರಜೆ ಬಂದಾಗ ಹೋಗಿ ಸೊಳ್ಳೆ ಕಚ್ಚಿಸಿಕೊಂಡು ಬರುವ ಜಾಗ. ಅಲ್ ಹೈಲ್‌ನ ಎರಡನೇ ಮಹಡಿಯ ಫ್ಲ್ಯಾಟೇ ಮನೆ. ಒಂದು ದಿನ ಊಟಕ್ಕೆ ಕೂತಾಗ ಇವರು ಗಂಟಲು ಸರಿಮಾಡಿಕೊಂಡು, "ಮಕ್ಕಳೇ, ಒಂದು ವಿಷಯ ಉಂಟು" ಎಂದು ಶುರು ಮಾಡಿದರು. ಇಬ್ಬರೂ ತಲೆ ಎತ್ತಿ ನೋಡಿದರು. ಇವರು ಇನ್ನಷ್ಟು ಸಾರು ಬಡಿಸಿಕೊಂಡು, "ಪರೀಕ್ಷೆ ಯಾವಾಗ?" ಎಂದು ಕೇಳಿದರು. ನಾನು ಎದ್ದು ಅಡುಗೆಮನೆಗೆ ಹೋದೆ.

ಆ ವಾರವೇ ಇವರಿಗೆ ಮರುಭೂಮಿಯ ಯೋಚನೆ ಹೊಳೆದದ್ದು.

"ಹದಿನೇಳು ವರ್ಷ ಈ ದೇಶದಲ್ಲಿದ್ದು ನಾವು ಒಮ್ಮೆಯೂ ಮರಳು ನೋಡ್ಲಿಲ್ಲ ಮಾರಾಯ್ತಿ. ಮಕ್ಕಳು ಕೇಳಿದಾಗೆಲ್ಲ ಬರುವ ವರ್ಷ, ಬರುವ ವರ್ಷ ಅಂದೆ. ಈಗ ಹೋಗುವ. ಬೆಂಕಿ ಹಾಕಿಕೊಂಡು ಕೂತು ಅಲ್ಲಿ ಸಮಾಧಾನದಲ್ಲಿ ಹೇಳುವ."

ನನಗೂ ಅದು ಸರಿ ಕಂಡಿತು. ದೊಡ್ಡವಳ ಪರೀಕ್ಷೆ ಹತ್ತಿರ ಬಂದದ್ದರಿಂದ ಉಳಿದದ್ದು ವಾರದ ರಜೆಯ ಒಂದೇ ಒಂದು ಶುಕ್ರವಾರ-ಶನಿವಾರ. ನಾನು ಮರುಭೂಮಿಯ ಕ್ಯಾಂಪುಗಳಿಗೆ ಫೋನ್ ಮಾಡಲು ಕೂತೆ. ಮೊದಲನೆಯ ಕ್ಯಾಂಪಿನಲ್ಲಿ ಫೋನ್ ಎತ್ತಿದ ಮಲಯಾಳಿ ಹುಡುಗಿ ನಾನು ದಿನ ಹೇಳಿದ ಕೂಡಲೇ ನಕ್ಕಳು. ಆ ಎರಡು ದಿನ ಮರುಭೂಮಿಯ ಅಂಚಿನ ಊರು ಬಿದಿಯಾದ ಮರಳಿನಲ್ಲಿ ಗಾಡಿಗಳ ದೊಡ್ಡ ಮೇಳವಂತೆ. ಎಲ್ಲೆಲ್ಲಿಂದಲೋ ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್‌ಗಳು, ಮರಳಿನಲ್ಲಿ ಓಡಿಸುವ ಬಗ್ಗಿಗಳು ಬರುತ್ತವಂತೆ. ಟೆಂಟುಗಳೆಲ್ಲ ಯಾವಾಗಲೋ ಭರ್ತಿಯಾಗಿವೆ ಎಂದಳು. "ಮುಂದಿನ ವಾರ ಬನ್ನಿ ಚೇಚಿ, ಒಂದು ನರಪಿಳ್ಳೆ ಇರುವುದಿಲ್ಲ. ಎಷ್ಟು ಬೇಕಾದರೂ ಜಾಗ ಉಂಟು."

ಮುಂದಿನ ವಾರ ನಮ್ಮ ಕೈಯಲ್ಲಿರಲಿಲ್ಲ. ಎರಡನೆಯ, ಮೂರನೆಯ, ನಾಲ್ಕನೆಯ ಕ್ಯಾಂಪಿನವರೂ ಅದನ್ನೇ ಹೇಳಿದರು. ಐದನೆಯವರು ಜನರೇಟರಿನ ಪಕ್ಕ ಒಂದು ಟೆಂಟು ಹಾಕಿಸುತ್ತೇನೆ ಎಂದು, ಒಂದು ಗಂಟೆ ಬಿಟ್ಟು ಫೋನ್ ಮಾಡಿದಾಗ ಅದೂ ಹೋಯಿತು ಎಂದರು.

ನಮಗೆ ಧೈರ್ಯ ಕೊಟ್ಟವರು ಕಾಕ. ಅವರು ಉಪ್ಪಿನಂಗಡಿ ಕಡೆಯ ಬ್ಯಾರಿ, ಮಸ್ಕತ್ತಿನದೇ ವಾದಿ ಕಬೀರ್‌ನಲ್ಲಿ ಗ್ಯಾರೇಜು ನೋಡಿಕೊಳ್ಳುತ್ತಿದ್ದರು. ಮಕ್ಕಳು ಹುಟ್ಟಿದಾಗಿನಿಂದ ಅವರನ್ನು ಕಾಕ ಎಂದೇ ಕರೆದದ್ದು. ನಾವು ಊರಿಗೆ ಹೋಗುವ ವಿಷಯ ಗೊತ್ತಿದ್ದದ್ದು ಅವರೊಬ್ಬರಿಗೆ.

"ಕ್ಯಾಂಪ್ ಎಂತಕ್ಕೆ ತಂಗೀ?" ಎಂದರು ನಮ್ಮ ಸೋಫಾದಲ್ಲಿ ಕೂತು. "ಗ್ಯಾರೇಜಲ್ಲಿ ಹಳೇ ಫೋರ್ ವೀಲ್ ಉಂಟು, ಟೆಂಟ್ ಉಂಟು. ಗಾಡಿ ನಾನೇ ಬಿಡ್ತೇನೆ. ಆ ಗದ್ದಲದಿಂದ ದೂರ, ಇನ್ನೊಂದು ಬದಿಯಿಂದ ಮರಳಿಗೆ ಇಳಿಯುವ."

ಆಮೇಲಿನ ನಾಲ್ಕು ದಿನ ಮನೆಯಲ್ಲಿ ಹಬ್ಬದ ಹಾಗೆ. ಚಿಕ್ಕವಳು ತನ್ನ ಚೀಲವನ್ನು ದಿನಕ್ಕೆ ಎರಡು ಸಲ ತುಂಬಿ ಎರಡು ಸಲ ಬಿಚ್ಚುತ್ತಿದ್ದಳು. ದೊಡ್ಡವಳು ಮಾತ್ರ ಅಷ್ಟು ಕುಣಿಯಲಿಲ್ಲ. ಪರೀಕ್ಷೆಯ ಚಿಂತೆ ಇರಬೇಕು ಎಂದುಕೊಂಡೆ. ಇವರು ಹೇಳಬೇಕಾದ ಮಾತನ್ನು ಬಾತ್‌ರೂಮಿನಲ್ಲಿ ಮೆಲ್ಲಗೆ ಅಭ್ಯಾಸ ಮಾಡುವುದು ನನಗೆ ಬಾಗಿಲಾಚೆ ಕೇಳುತ್ತಿತ್ತು.

ಬುಧವಾರ ಸಂಜೆ ಕಾಕನ ಫೋನ್ ಬಂತು. ಅವರ ದನಿ ಕೇಳಿದಾಗಲೇ ನನಗೆ ಅರ್ಥವಾಯಿತು. ಅವರ ಕಫೀಲ್‌ನ ಅಣ್ಣನ ಮಕ್ಕಳು ಮೇಳಕ್ಕೆ ಹೋಗುತ್ತಾರೆ, ಫೋರ್ ವೀಲ್ ಅವರಿಗೆ ಬೇಕು. ಅಲ್ಲಿ ಕೆಟ್ಟು ನಿಲ್ಲುವ ಗಾಡಿಗಳ ರಿಪೇರಿಗೆ ಕಾಕನೂ ಅವರ ಜೊತೆಯೇ ಹೋಗಬೇಕು.

"ಗಾಡಿಯೂ ಅವರದ್ದು, ಗ್ಯಾರೇಜೂ ಅವರದ್ದು. ನಾನೆಂತ ಹೇಳ್ಲಿಕ್ಕೆ ಆಗ್ತದೆ ತಂಗೀ?" ಎಂದರು. ಅವರಿಗೆ ನಾನೇ ಸಮಾಧಾನ ಹೇಳಿ ಫೋನ್ ಇಟ್ಟೆ.

"ಬಿಡಿ, ಮನೆಯಲ್ಲೇ ಹೇಳುವ," ಎಂದೆ ಇವರಿಗೆ.

"ಈ ಮನೆಯಲ್ಲಿ ನನ್ನಿಂದ ಆಗುವುದಿಲ್ಲ," ಎಂದರು. "ನಮ್ಮ ಕಾರಲ್ಲೇ ಹೋಗುವ. ಬೆಳಿಗ್ಗೆ ಹೋಗಿ ಸಂಜೆ ವಾಪಸ್. ಮರಳಿನ ಅಂಚಿನವರೆಗೆ ಡಾಂಬರು ರಸ್ತೆ ಉಂಟಲ್ಲ."

ಶುಕ್ರವಾರ ಬೆಳಿಗ್ಗೆ ಬನ್ಸ್ ಕರಿದು, ಪುಲಾವ್ ಮಾಡಿ, ಫ್ಲಾಸ್ಕಿಗೆ ಚಹಾ ತುಂಬಿಸಿ ಹೊರಟೆವು. ಇಬ್ರಾ ದಾಟುವವರೆಗೆ ರಸ್ತೆ ಖಾಲಿ. ಆಮೇಲೆ ಒಂದೊಂದೇ ಟ್ರೇಲರುಗಳು ಕಾಣತೊಡಗಿದವು. ಬಿದಿಯಾ ಬರುವಷ್ಟರಲ್ಲಿ ನಮ್ಮ ಮುಂದೆ, ಹಿಂದೆ, ಪಕ್ಕ ಎಲ್ಲ ಕಡೆ ಎತ್ತರದ ಕೋಲಿಗೆ ಬಾವುಟ ಕಟ್ಟಿದ ದೊಡ್ಡ ಗಾಡಿಗಳು. ಅವುಗಳ ನಡುವೆ ನಮ್ಮ ಸಣ್ಣ ಕಾರು ತೆವಳುತ್ತಾ ಹೋಯಿತು. ಒಂದು ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಡಾಂಬರು ಮುಗಿಯುವಲ್ಲಿ ನಿಂತಿದ್ದ ಪೊಲೀಸಿನವನು ಬಗ್ಗಿ ನಮ್ಮ ಟೈರು ನೋಡಿ, ಹಿಂದಿಯಲ್ಲಿ, "ಛೋಟಾ ಗಾಡಿ ನಹೀ ಭಾಯ್," ಎಂದ. ಒರಟಾಗೇನೂ ಹೇಳಲಿಲ್ಲ. ಇವರು ಗ್ಲಾಸು ಇಳಿಸಿ, ಬರೀ ಒಂದು ಗಂಟೆ ಮಕ್ಕಳಿಗೆ ತೋರಿಸಿಕೊಂಡು ಬರುತ್ತೇವೆ ಎಂದು ಅಂಗಲಾಚಿದರು. ನನ್ನ ಗಂಡ ಯಾರ ಹತ್ತಿರವೂ ಹಾಗೆ ಬೇಡಿದ್ದನ್ನು ನಾನು ನೋಡಿರಲಿಲ್ಲ. ಪೊಲೀಸಿನವನು ಎದೆಯ ಮೇಲೆ ಕೈಯಿಟ್ಟು ತಲೆ ಅಲ್ಲಾಡಿಸಿ, ಹಿಂದೆ ತಿರುಗಿಸಲು ದಾರಿ ತೋರಿಸಿದ.

ಅಲ್ಲಿಂದಲೇ ಮನೆಗೆ ವಾಪಸಾಗಿದ್ದರೆ ಆಗುತ್ತಿತ್ತು. ಇವರು ಮನೆಗಳ ಹಿಂದಿನ ಒಂದು ಮಣ್ಣುದಾರಿಗೆ ಕಾರು ತಿರುಗಿಸಿದರು. ಯಾರದೋ ಚಕ್ರದ ಗುರುತು ಹಿಡಿದು ಹೋದರು. "ಸಾಕು, ಇಲ್ಲೇ ನಿಲ್ಲಿಸಿ" ಎಂದೆ. "ಇನ್ನು ಸ್ವಲ್ಪ" ಎಂದರು. ಆ ಇನ್ನು ಸ್ವಲ್ಪದಲ್ಲಿ ಕಾರು ಒಮ್ಮೆ ಓಲಾಡಿ ಹೂತು ನಿಂತಿತು. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಕೆಳಗಿಳಿಯಿತು.

ಇಳಿದು ನೋಡಿದರೆ ಎದುರಿಗೇ ದೊಡ್ಡ ಮರಳಗುಡ್ಡ. ಅದರ ಬುಡದಲ್ಲಿ ಲೆಕ್ಕವಿಲ್ಲದಷ್ಟು ಗಾಡಿಗಳು. ಒಂದರ ಹಿಂದೆ ಒಂದು ಕಿರುಚಿಕೊಂಡು ಮೇಲೇರುವುದು, ಅರ್ಧಕ್ಕೆ ನಿಂತು ಜಾರುವುದು, ಜನ ಕೂಗುವುದು. ನಾವು ಬಯಸಿ ಬಂದ ಮರುಭೂಮಿ ಅದೇ. ನಾನು ಬುತ್ತಿಯ ಮುಚ್ಚಳದಿಂದ, ಇವರು ಕೈಯಿಂದ ಚಕ್ರದ ಸುತ್ತ ಮರಳು ತೋಡಿದೆವು. ತೋಡಿದಷ್ಟೂ ಮತ್ತೆ ತುಂಬಿತು. ನಮ್ಮ ಎರಡೂ ಬದಿಯಿಂದ ಗಾಡಿಗಳು ಮರಳು ಎರಚುತ್ತಾ ಹೋದವು. ಒಂದರಲ್ಲಿದ್ದ ಹುಡುಗರು ನಮ್ಮ ವಿಡಿಯೋ ತೆಗೆದರು. ಇವರು ಮುಖ ಆಚೆ ತಿರುಗಿಸಿಕೊಂಡರು.

ಒಂದು ಗಂಟೆ ಕಳೆದಿರಬೇಕು. ಕಾಕನಿಗೆ ಫೋನ್ ಮಾಡಿದರೆ ನೆಟ್‌ವರ್ಕ್ ಇಲ್ಲ. ಕಾರಿನ ನೆರಳಿನಲ್ಲಿ ಕೂತು ಪುಲಾವ್ ತಿಂದೆವು, ತುತ್ತಿಗೊಮ್ಮೆ ಹಲ್ಲಿಗೆ ಮರಳು ಸಿಗುತ್ತಿತ್ತು. ಆಗ ಇವರು ಇದ್ದಕ್ಕಿದ್ದಂತೆ, ಬಾತ್‌ರೂಮಿನಲ್ಲಿ ಅಭ್ಯಾಸ ಮಾಡಿದ ಒಂದು ಮಾತೂ ಇಲ್ಲದೆ, "ನಾವು ಮನೆಗೆ ಹೋಗ್ತೇವೆ" ಎಂದರು.

"ಕಾರು ಬರೋದೇ ಇಲ್ವಲ್ಲ ಪಪ್ಪ?" ಎಂದಳು ಚಿಕ್ಕವಳು.

"ಈಗ ಅಲ್ಲ. ಮಾರ್ಚಲ್ಲಿ. ಊರಿಗೆ."

"ರಜೆಗಾ?"

ಅಷ್ಟರಲ್ಲಿ ಒಂದು ಬಗ್ಗಿ ಹತ್ತಿರದಲ್ಲೇ ಗರ್ಜಿಸಿಕೊಂಡು ಬಂತು. ಅದರ ಸದ್ದಿಗೆ ಏನೂ ಕೇಳದೆ ಅವಳು ಕಿವಿಗೆ ಕೈಯಿಟ್ಟು, "ರಜೆಗಾ? ರಜೆಗಾ?" ಎಂದು ಮತ್ತೆ ಮತ್ತೆ ಕೇಳಿದಳು. ಇವರು ಕೂಗಿ ಹೇಳಿದರು. "ರಜೆಗಲ್ಲ! ಪೂರ್ತಿ ಹೋಗುವುದು! ಕೆಲಸ ಇಲ್ಲ ನನಗೆ! ಖಲಾಸ್!"

ಬಗ್ಗಿ ದೂರ ಹೋಯಿತು. ಚಿಕ್ಕವಳು ಅಳಲಿಲ್ಲ. ಅಪ್ಪ ಬೈದರು ಎಂದುಕೊಂಡವಳ ಹಾಗೆ ತಟ್ಟೆ ಕೆಳಗಿಟ್ಟು ನನ್ನ ಬೆನ್ನ ಹಿಂದೆ ಬಂದು ಕೂತಳು. ಇವರು ತಮ್ಮ ಕೈಯನ್ನೇ ನೋಡುತ್ತಾ ಇದ್ದರು, ಉಗುರಿನ ತುಂಬ ಮರಳು.

"ಐ ನೋ ಪಪ್ಪಾ," ಎಂದಳು ದೊಡ್ಡವಳು. ಟೀಸಿ ಕೇಳಿ ನಾವು ಶಾಲೆಗೆ ಬರೆದ ಅರ್ಜಿಯ ಒಂದು ಪ್ರತಿ ಪ್ರಿಂಟರಿನಲ್ಲೇ ಉಳಿದಿತ್ತಂತೆ. ಅದನ್ನು ಅವಳು ನೋಡಿ ಮೂರು ವಾರವಾಗಿತ್ತು. ನೀವಾಗಿಯೇ ಹೇಳುತ್ತೀರಿ ಎಂದು ಕಾದೆ, ಅಂದಳು. ಅವಳು ಒಂಬತ್ತನೇ ಕ್ಲಾಸು. ಮುಂದಿನ ವರ್ಷದ ಹತ್ತನೆಯ ಬೋರ್ಡ್ ಪರೀಕ್ಷೆಗೆ ಆಗಲೇ ಹೆಸರು ಕೊಟ್ಟಾಗಿತ್ತು. ಈಗ ಶಾಲೆ ಬದಲಾಯಿಸಿದರೆ ಏನಾಗುತ್ತದೆ ಎಂದು ಅವಳೊಬ್ಬಳೇ ಹುಡುಕಿ ಓದಿಕೊಂಡಿದ್ದಳು. ನಾವು ಮಕ್ಕಳಿಗೆ ನೋವಾಗಬಾರದೆಂದು ಮುಚ್ಚಿಟ್ಟಿದ್ದ ಆ ಮೂರು ವಾರವೂ ಈ ಹುಡುಗಿ ಅದನ್ನು ಒಂಟಿಯಾಗಿ ಹೊತ್ತುಕೊಂಡು ತಿರುಗಿದ್ದಳು. ನನಗೆ ಅವಳನ್ನು ಮುಟ್ಟಲೂ ಮುಜುಗರವಾಯಿತು.

ಮಧ್ಯಾಹ್ನ ಇಳಿಯುವಾಗ ಒಬ್ಬ ಮುದುಕ ತನ್ನ ಪಿಕಪ್ ನಿಲ್ಲಿಸಿದ. ಹಿಂದುಗಡೆ ಎರಡು ಆಡುಗಳಿದ್ದವು. ಮೇಳಕ್ಕೂ ಅವನಿಗೂ ಸಂಬಂಧವಿದ್ದ ಹಾಗಿರಲಿಲ್ಲ. ಮರಳಿನಲ್ಲಿ ಹಿಡಿತ ಸಿಗಲೆಂದು ನಮ್ಮ ಟೈರುಗಳ ಗಾಳಿ ಅರ್ಧ ಬಿಟ್ಟು, ಹಗ್ಗ ಕಟ್ಟಿ, "ಯಲ್ಲಾ" ಎಂದು ಒಂದೇ ಎಳೆತಕ್ಕೆ ಕಾರನ್ನು ಗಟ್ಟಿ ನೆಲಕ್ಕೆ ತಂದ. ಎಷ್ಟು ವರ್ಷವಾಯಿತು ಇಲ್ಲಿ ಎಂದು ಇವರನ್ನು ಅರಬ್ಬಿಯಲ್ಲಿ ಕೇಳಿದ. ಇವರು ಹದಿನೇಳು ಎಂದರು. ಹಾಗಾದರೆ ನೀನು ಒಮಾನಿಯೇ ಎಂದು ಮುದುಕ ಬೆನ್ನು ತಟ್ಟಿದ. ಈ ಗಲಾಟೆಯಲ್ಲಿ ಯಾಕೆ ಬಂದೆ, ಬರುವ ವರ್ಷ ಬಾ, ನನ್ನ ಮನೆಯಲ್ಲೇ ಉಳಿ ಎಂದ.

"ಇನ್ಶಾ ಅಲ್ಲಾ," ಎಂದರು ಇವರು.

ಟೈರಿಗೆ ಗಾಳಿ ತುಂಬಿಸಿಕೊಂಡು ವಾಪಸು ಬರುವಾಗ ಚಿಕ್ಕವಳು ಹಿಂದಿನ ಸೀಟಿನಿಂದ ಒಂದೊಂದೇ ಕೇಳಿದಳು. ತನ್ನ ಸೈಕಲ್ ವಿಮಾನದಲ್ಲಿ ಬರುತ್ತದಾ, ಕಾಕ ಬರುತ್ತಾರಾ, ಅಲ್ಲಿನ ಶಾಲೆಯಲ್ಲಿ ಕನ್ನಡದಲ್ಲಿ ಬರೆಯಬೇಕಾ. ಇವರು ಎಲ್ಲದಕ್ಕೂ "ನೋಡುವ" ಎಂದರು. ಅಲ್ ಹೈಲ್ ಬರುವಷ್ಟರಲ್ಲಿ ಅವಳು ಕೇಳುವುದನ್ನು ನಿಲ್ಲಿಸಿದ್ದಳು.

ಮಾರ್ಚ್ ಕೊನೆಗೆ ನಾವು ಊರಿಗೆ ಬಂದೆವು. ನೇರ ಹತ್ತನೆಗೆ ಸೇರಿಸಿಕೊಳ್ಳುವ ಶಾಲೆ ಸಿಗದೆ ದೊಡ್ಡವಳು ಒಂಬತ್ತನೆಯ ಕ್ಲಾಸನ್ನು ಇಲ್ಲಿ ಇನ್ನೊಮ್ಮೆ ಓದಬೇಕಾಯಿತು. ಅದಕ್ಕಾಗಿ ಅವಳು ನಮ್ಮನ್ನು ದೂರಲಿಲ್ಲ. ಆದರೆ ಈಗ ನಾವಿಬ್ಬರು ಮೆಲ್ಲಗೆ ಏನಾದರೂ ಮಾತಾಡುತ್ತಿದ್ದರೆ ಅವಳು ಓದುವುದನ್ನು ಬಿಟ್ಟು ಎದ್ದು ಬಂದು, ಬಾಗಿಲಲ್ಲಿ ನಿಂತು, "ಎಂತ ವಿಷಯ?" ಎಂದು ಕೇಳುತ್ತಾಳೆ. ಏನೂ ಇಲ್ಲ ಎಂದು ನಿಜವನ್ನೇ ಹೇಳಿದರೂ ನಂಬುವುದಿಲ್ಲ.