ಆಚೆ ಸಾಲಿಯ ಹಲಗಿ

ಗಡಿಯಂಚಿನ ನಮ್ಮ ಜತ್ತ ತಾಲೂಕಿನಲ್ಲಿ ಒಂದೇ ಅಂಗಳಕ್ಕೆ ಎರಡು ಸಾಲಿ ಇರುವುದು ಹೊಸ ಮಾತಲ್ಲ. ಮಾಡಗ್ಯಾಳದ ಹತ್ತಿರ ನಾನು ಕಲಿಸುತ್ತಿದ್ದ ಊರಿನಲ್ಲೂ ಹಾಗೇ ಇತ್ತು. ಈಚೆ ಕನ್ನಡ ಸಾಲಿ, ಆಚೆ ಮರಾಠಿ ಸಾಲಿ, ನಡುವೆ ಒಂದು ಬೇವಿನ ಮರ. ಝೇಂಡಾದ ಕಂಬ ಒಂದೇ, ನೀರಿನ ಟಾಕಿ ಒಂದೇ. ಜಗಳ ಮಾತ್ರ ಎರಡು ಭಾಷೆಯಲ್ಲಿ ನಡೆಯುತ್ತಿತ್ತು. ನಾನು ಕನ್ನಡ ಸಾಲಿಯ ಒಂದನೇ ಇಯತ್ತೆಯ ಅಕ್ಕೋರು.

ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಸುತ್ತಲಿನ ಸಾಲಿಗಳಲ್ಲಿ ಪೇಟಿ ಬಾರಿಸುವ ಅಕ್ಕೋರು ನಾನೊಬ್ಬಳೇ. ಆ ಬಗ್ಗೆ ನನಗೆ ಹಮ್ಮು ಇತ್ತು, ಇದ್ದರೆ ತಪ್ಪೇನು? ತವರಿನಿಂದ ಬರುವಾಗ ನನ್ನ ಅಕ್ಕತಂಗಿಯರು ಪಲ್ಲಂಗ, ತಿಜೋರಿ ತಂದರು. ನಾನು ಪೇಟಿ ತಂದೆ. ದಿನಾ ಕೊನೆಯ ತಾಸಿನಲ್ಲಿ ನೆಲದ ಮೇಲೆ ಕೂತು ಬಾರಿಸುತ್ತಿದ್ದೆ, ಮಕ್ಕಳು ಸುತ್ತ ಕೂತು ಹಾಡುತ್ತಿದ್ದರು. ಒಂದು ಕೈ ಗಾಳಿ ಹೊಡೆಯಲಿಕ್ಕೆ, ಇನ್ನೊಂದು ಸ್ವರಕ್ಕೆ. ತಾಳ ಹಾಕಲು ಕೈ ಎಲ್ಲಿ ಉಳಿಯಿತು? ಅದಕ್ಕೇ ನನ್ನ ಬಲ ಮೊಣಕಾಲು ತನ್ನಷ್ಟಕ್ಕೆ ತಾನು ಏಳುತ್ತ ಇಳಿಯುತ್ತ ಇರುತ್ತಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಆಚೆ ಸಾಲಿಗೆ ಒಬ್ಬ ಗುರೂಜಿ ಬದಲಿಯಾಗಿ ಬಂದರು. ಸಾತಾರಾ ಕಡೆಯವರು, ಬಡಕಲು ಮೈ, ಕಂಕುಳಲ್ಲಿ ತಮಟೆಯಂಥ ಒಂದು ಹಲಗಿ. ಹಾಡಲು ಬರುತ್ತಿರಲಿಲ್ಲ, ಅವರ ಗಂಟಲೆಂದರೆ ಎಣ್ಣೆ ಕಾಣದ ಬಾವಿಯ ಗಡಗಡಿ. ಆದರೂ ವಾರ ತುಂಬುವುದರೊಳಗೆ ಅವರ ಮಕ್ಕಳು ಅಂಗಳದಲ್ಲಿ ಸಾಲು ಹಿಡಿದು ತಾಳಕ್ಕೆ ಹೆಜ್ಜೆ ಹಾಕತೊಡಗಿದರು. ಮುಂಜಾನೆ ಏನು ತಿಂದು ಬಂದಿರಿ ಎಂದು ಕೇಳುವರು. ಮಕ್ಕಳು ‘ಭಾಕರಿ, ಠೇಚಾ’ ಎಂದರೆ ಅದನ್ನೇ ಹಲಗಿಯ ಮೇಲೆ ನುಡಿಸುವರು. ರೊಟ್ಟಿ ಖಾರದ ತಾಳಕ್ಕೆ ಮಕ್ಕಳು ನಡೆಯುವರು, ನಿಲ್ಲುವರು, ತಿರುಗುವರು. ಒಬ್ಬೊಬ್ಬರ ಹೆಸರನ್ನೂ ಹಾಗೇ ಬಾರಿಸುತ್ತಿದ್ದರು. ತನ್ನ ಹೆಸರು ಹಲಗಿಯ ಮೇಲೆ ಬಂದಾಗ ಆ ಮಗುವಿನ ಮುಖ ನೋಡಬೇಕಿತ್ತು! ನಾನು ನೋಡುತ್ತಿರಲಿಲ್ಲ. ನನ್ನ ಹೊಟ್ಟೆ ಉರಿಯುತ್ತಿತ್ತು.

ಉರಿಯದೆ ಏನು ಮಾಡಲಿ? ಈಚೆ ನಾನು ಹಾಡು ಶುರು ಮಾಡಿದರೆ ನನ್ನ ಮಕ್ಕಳ ಬಾಯಿ ನನ್ನ ಹಾಡಿನಲ್ಲಿ, ಕಾಲ್ಬೆರಳು ಆ ಹಲಗಿಯಲ್ಲಿ. ಗುರೂಜಿಗೆ ಹೇಳಿ ತಾಸು ಬದಲು ಮಾಡಿಸಿ ಎಂದು ಹೆಡ್‌ಮಾಸ್ತರರಿಗೆ ಹೇಳಿದೆ. ಅವರು ನಕ್ಕುಬಿಟ್ಟರು. ಮನೆಯಲ್ಲಿ ಹೇಳಿದೆ.

“ಕುಣೀಲಾರದಾಕಿ ಅಂಗಳ ಡೊಂಕ ಅಂದ್ಳಂತ” ಎಂದರು ನಮ್ಮ ಮನೆಯವರು.

“ಕುಣಿಯೂದು ನನ್ನ ಕೆಲಸ ಅಲ್ರೀ, ಹಾಡೂದು” ಎಂದೆ. ಆ ರಾತ್ರಿ ಪಲ್ಯಕ್ಕೆ ಉಪ್ಪು ಹಾಕಲು ಮರೆತೆ. ಮರೆತೆನೋ, ಬೇಕಂತ ಬಿಟ್ಟೆನೋ, ಈಗ ನೆನಪಿಲ್ಲ.

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಆದರೆ ನನ್ನ ಮಗಳು ಆ ವರ್ಷ ನನ್ನ ಇಯತ್ತೆಯಲ್ಲೇ ಇದ್ದಳು, ಮತ್ತು ಅವಳು ಹಾಡುತ್ತಿರಲಿಲ್ಲ. ಮಾತಿನಲ್ಲಿ ಚುರುಕು, ಓದಿನಲ್ಲಿ ಚುರುಕು. ಹಾಡು ಅಂದರೆ ತುಟಿ ಮಾತ್ರ ಆಡಿಸುವಳು. ನಾನು ಪೇಟಿ ನಿಲ್ಲಿಸಿ ಕಿವಿಗೊಟ್ಟರೆ ತುಟಿಯೂ ಮುಚ್ಚಿಬಿಡುವಳು. ಸಂಜೆ ಮನೆಯಲ್ಲಿ ಮಡಿಲಲ್ಲಿ ಕೂರಿಸಿಕೊಂಡು ಸಾ ಹಿಡಿಸುತ್ತಿದ್ದೆ. ಕೆಳಗೆ ಬಿತ್ತು, ಇನ್ನೊಮ್ಮೆ. ಮೇಲೆ ಹೋಯಿತು, ತಪ್ಪು, ಇನ್ನೊಮ್ಮೆ. ಅವಳು ಮಡಿಲಿನಿಂದ ಜಾರಿ ಹೊರಗೆ ಓಡುವಳು. “ಅಕ್ಕೋರ ಮಗಳಾಗಿ ಹಾಡಾಕ ಬರಂಗಿಲ್ಲೇನ್ರಿ?” ಎಂದು ಸಂತೆಯಲ್ಲಿ ಜನ ಕೇಳುತ್ತಿದ್ದರು. ಪೇಟಿ ತಂದದ್ದೇ ಮಗಳಿಗಾಗಿ ಎಂದು ನಾನು ಅಂದುಕೊಂಡಿದ್ದೆ. ಬಾಯಿ ಬಿಟ್ಟು ಹಾಡಿದರೆ ಅವಳ ದನಿ ಹೇಗಿದ್ದೀತು ಎಂಬುದೇ ನನಗೆ ಗೊತ್ತಿರಲಿಲ್ಲ.

ಜನವರಿ ಇಪ್ಪತ್ತಾರು ಬಂತು. ಝೇಂಡಾ ಹಾರಿಸುವುದು ಎರಡೂ ಸಾಲಿ ಕೂಡಿಯೇ. ಮೊದಲು ನಮ್ಮ ಹಾಡು, ಆಮೇಲೆ ಅವರ ಲೇಜಿಮ್ ಕುಣಿತ ಎಂದು ಹಟ ಹಿಡಿದು ಗೆದ್ದಿದ್ದೆ. ಹಾಡು ನಾನೇ ಕಟ್ಟಿದ್ದು:

ಜ್ವಾಳದ ತೆನಿಗೆ ಗುಬ್ಬಿ ಬಂತು
ಕವಣಿಯ ಕಲ್ಲು ಬೀಸಿ ಬಂತು
ಗುಬ್ಬಿ ಹಾರಿ ಗಿಡದಾಗ ಕುಂತು
ನಾಳಿಗಿ ಬರ್ತೀನಿ ಅಂತಂತು

ಆ ಮುಂಜಾನೆ ಥಂಡಿ ಬಹಳ. ಗುರೂಜಿ ಅಂಗಳದ ಮೂಲೆಯಲ್ಲಿ ಜೋಳದ ದಂಟಿಗೆ ಬೆಂಕಿ ಹಚ್ಚಿ, ಸಡಿಲಾದ ಹಲಗಿಯನ್ನು ಬಿಗಿಯಾಗಲೆಂದು ಕಾಯಿಸುತ್ತಿದ್ದರು. ಸುಟ್ಟೇ ಹೋಗಲಿ ಎಂದು ಮನಸ್ಸಿನಲ್ಲೇ ಹರಸಿದೆ.

ಸರಪಂಚರು, ಊರ ಹಿರಿಯರು ಬಂದಿದ್ದಾರೆ, ಅಕ್ಕೋರು ನೆಲಕ್ಕೆ ಕೂತರೆ ಚೆಂದವಲ್ಲ ಎಂದು ಯಾರೋ ಟೇಬಲ್ ತಂದಿಟ್ಟರು. ಅದರ ಮೇಲೆ ನೆಲ ಮುಟ್ಟುವ ಹೊಸ ಚಾದರ, ಚಾದರದ ಮೇಲೆ ಪೇಟಿ, ಹಿಂದೆ ಕುರ್ಚಿಯಲ್ಲಿ ನಾನು. ಇಸ್ತ್ರಿ ಮಾಡಿದ ಇರಕಲ್ ಸೀರೆ ಬೇರೆ. ಮಕ್ಕಳು ಎದುರಿಗೆ ನಿಂತರು. ಗುಬ್ಬಿ ಬಂತು, ಚಲೋ ಬಂತು. ಹಾಡಿನ ಎರಡನೇ ಸಾಲಿನಲ್ಲಿ ಒಬ್ಬಳು ಮುಂದಾದಳು, ಒಬ್ಬ ಹಿಂದಾದ. ಮೂರನೆಯದು ಬರುವಷ್ಟರಲ್ಲಿ ಎಲ್ಲರಿಗಿಂತ ಮುಂದೆ ನಿಂತ ಹುಡುಗಿ ಬಗ್ಗಿ ಚಾದರದ ಕೆಳಗೆ ಇಣುಕಿದಳು. ಅವಳನ್ನು ನೋಡಿ ಪಕ್ಕದವನು ಬಗ್ಗಿದ. ನೋಡುನೋಡುತ್ತ ಅರ್ಧ ಇಯತ್ತೆಯೇ ಬಗ್ಗಿ ಟೇಬಲ್ಲಿನ ಕೆಳಗೆ ಹುಡುಕತೊಡಗಿತು.

ಅವರು ಹುಡುಕುತ್ತಿದ್ದುದು ನನ್ನ ಮೊಣಕಾಲನ್ನು. ಇಷ್ಟು ತಿಂಗಳು ತಾಳ ಕಲಿಸಿದ್ದೇನೆ ಅಂದುಕೊಂಡಿದ್ದೆ. ಮಕ್ಕಳು ಕಲಿತದ್ದು ನನ್ನ ಕಾಲು ನೋಡುವುದನ್ನು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸರಪಂಚರೂ ಬಗ್ಗಿ ಏನು ಬಿದ್ದಿದೆ ಎಂದು ನೋಡಿದರು. ಹಾಡು ಗಿಡದ ಮೇಲೇ ಉಳಿಯಿತು. ನಾನು ಗಾಳಿ ಹೊಡೆಯುತ್ತಲೇ ಇದ್ದೆ, ಕಣ್ಣು ಮಂಜಾಗಿತ್ತು.

ಆಗ ಹಲಗಿ ಕೇಳಿಸಿತು. ಜೋರಾಗಿ ಅಲ್ಲ, ಬೆರಳಿನಿಂದ ಅಷ್ಟೇ. ಗುರೂಜಿ ಬೆಂಕಿಯ ಹತ್ತಿರದಿಂದಲೇ ನನ್ನ ಹಾಡಿನ ನಡೆಗೆ ಸರಿಯಾಗಿ ತಾಳ ಕೊಡುತ್ತಿದ್ದರು. ಮಕ್ಕಳು ತಲೆ ಎತ್ತಿದರು. ಮೊದಲ ಸಾಲನ್ನು ಯಾರೋ ಮತ್ತೆ ಎತ್ತಿಕೊಂಡರು. ತೆಳ್ಳನೆಯ, ಸ್ವಲ್ಪ ಒರಟು, ಅಂಜಿಕೆಯಿಲ್ಲದ ದನಿ. ಯಾರ ಮಗು ಇದು ಎಂದು ಒಂದು ಕ್ಷಣ ಮೆಚ್ಚಿದೆ. ನೋಡಿದರೆ ನನ್ನ ಮಗಳು. ಕಣ್ಣು ಮುಚ್ಚಿಕೊಂಡು, ಆಚೆ ಹಲಗಿಯ ಕಡೆ ಮುಖ ಮಾಡಿ ಹಾಡುತ್ತಿದ್ದಳು. ಉಳಿದವರು ಅವಳ ಹಿಂದೆ ಹೋದರು, ನಾನೂ ಪೇಟಿ ಹಿಡಿದು ಹಿಂದೆ ಹೋದೆ.

ಚಪ್ಪಾಳೆ ಬಿತ್ತು. ಗುರೂಜಿ ಬಂದು ಕೈಮುಗಿದು, “ಅಕ್ಕೋರೇ, ನಿಮ್ಮ ಮಗಳ ಗಂಟಲು ಬಹಳ ಒಳ್ಳೆಯದು” ಎಂದು ಮರಾಠಿಯಲ್ಲಿ ಹೇಳಿದರು. ಅದನ್ನು ಆತ ನನಗೆ ಹೇಳಬೇಕೆ! ಸಂತೋಷ ಇರಲಿಲ್ಲ ಅಂತಲ್ಲ. ಆದರೆ ನಾನು ಮಡಿಲಲ್ಲಿ ಕೂರಿಸಿಕೊಂಡು ಬೇಡಿದರೂ ಬಾರದ ದನಿ ಯಾರೋ ದೂರದಿಂದ ನಾಲ್ಕು ಬೆರಳು ಆಡಿಸಿದ್ದಕ್ಕೆ ಓಡಿ ಬಂದಿತ್ತು. ಹಾಡು ಮುರಿದ ಅವಮಾನಕ್ಕಿಂತ, ಜನರ ನಗೆಗಿಂತ, ಅದು ನನ್ನನ್ನು ಹೆಚ್ಚು ಸುಟ್ಟಿತು. ಹೆತ್ತವಳು ನಾನು, ಸ್ವರ ಬಲ್ಲವಳು ನಾನು.

ಸಂಜೆ ಪೇಟಿ ತೆಗೆದು, “ಬಾ, ಹಾಡು” ಎಂದೆ. ಮಗಳು ಗೋಡೆಗೆ ಅಂಟಿ ನಿಂತಳು.

“ಗುರೂಜಿ ಮುಂದ ಹಾಡಿದಿ. ನನ್ನ ಮುಂದ ಯಾಕ ಹಾಡಂಗಿಲ್ಲ?”

“ನೀ ತಪ್ಪ, ತಪ್ಪ ಅಂತಿ.”

“ತಪ್ಪಿದ್ರ ತಪ್ಪ ಅನ್ನಬ್ಯಾಡೇನ?”

“ಗುರೂಜಿ ಅನ್ನಂಗಿಲ್ಲ. ನಾ ಹ್ಯಾಂಗ ಹಾಡಿದ್ರೂ ಬಾರಸ್ತಾರ.” ಗೋಡೆ ಬಿಟ್ಟು ಮುಂದೆ ಬಂದು ಕೇಳಿದಳು, “ಅವ್ವಾ, ನಾ ದಿನಾ ಅಲ್ಲೇ ಹಾಡಲ್ಯಾ?”

ಬೇಡ ಅನ್ನಬಹುದಿತ್ತು. ಅಂದಿದ್ದರೆ ಆ ದನಿ ಮತ್ತೆ ಒಳಗೆ ಹೋಗುತ್ತಿತ್ತು, ಅಷ್ಟು ನನಗೆ ತಿಳಿಯುತ್ತಿತ್ತು. “ಹೋಗು” ಎಂದೆ. ಒಳ್ಳೆಯ ಮನಸ್ಸಿನಿಂದ ಅನ್ನಲಿಲ್ಲ. ಹಲ್ಲು ಕಚ್ಚಿಯೇ ಅಂದೆ. ಅವಳು ಅದನ್ನು ಗಮನಿಸದೆ ಕುಣಿಯುತ್ತ ಹೊರಗೆ ಓಡಿದಳು.

ಮರುದಿನದಿಂದ ಕೊನೆಯ ತಾಸಿಗೆ ಅವಳು ಆಚೆ ಸಾಲಿಗೆ ಹೋಗತೊಡಗಿದಳು. ಈಚೆ ನಾನು ಉಳಿದ ಮಕ್ಕಳಿಗೆ ಹಾಡು ಹೇಳಿಕೊಡುವಾಗ ಅಲ್ಲಿಂದ ಅವಳು ಹಾಡುವುದು ಕೇಳಿಸುತ್ತಿತ್ತು. ಒಮ್ಮೊಮ್ಮೆ ಸ್ವರ ಜಾರುತ್ತಿತ್ತು. ‘ತಪ್ಪು’ ಎಂಬುದು ನನ್ನ ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯುತ್ತಿತ್ತು. ನನ್ನ ಮುಂದೆ ಅವಳು ಆಗಲೂ ಹಾಡಲಿಲ್ಲ. ಮಗಳ ಹಾಡನ್ನು ಆ ವರ್ಷ ನಾನು ಕೇಳಿದ್ದೆಲ್ಲ ಊರವರು ಕೇಳಿದ ಹಾಗೇ, ಅಂಗಳದ ಈಚೆ ನಿಂತು.