ನೇಕ್‌ಬಖ್ತ್ ಕೊಡದ ಮಾಫಿ

ನೇಕ್‌ಬಖ್ತ್ ಎಂದರೆ ಅದೃಷ್ಟವಂತೆ. ಆ ಹೆಸರಿಟ್ಟ ಅಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು ಎರಡು ಮಾತು ಕೇಳಬೇಕೆಂದು ಅವಳಿಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಗಂಡ ಹಳೆಯ ಯುದ್ಧವೊಂದರಲ್ಲಿ ಹೋದ. ಗಂಡುಮಕ್ಕಳು ಹುಟ್ಟಲಿಲ್ಲ. ಇದ್ದೊಬ್ಬ ಮಗಳು ಶಗೂಫಾ ಈ ಚಳಿಗಾಲದಲ್ಲಿ ಮಣ್ಣು ಸೇರಿದಳು. ಉಳಿದದ್ದು ಜಬಲ್ ಸಿರಾಜ್‌ನ ಹೊಳೆದಂಡೆಯ ಓಣಿಯಲ್ಲಿ ಒಂದು ಮಣ್ಣಿನ ಮನೆ, ಬೀದಿಬಾಗಿಲಿಗೆ ಅಂಟಿಕೊಂಡ ತಂದೂರಿನ ಕೋಣೆ, ಮತ್ತು ಗಂಡಸರೂ ಹೆದರುವಂಥ ಒಂದು ನಾಲಿಗೆ.

ಓಣಿಯ ಹೆಂಗಸರು ಹಿಟ್ಟು ನಾದಿ, ಉಂಡೆಗಳನ್ನು ಹಲಗೆಯ ಮೇಲೆ ಜೋಡಿಸಿ, ತಲೆಯ ಮೇಲಿಟ್ಟುಕೊಂಡು ಅವಳಲ್ಲಿಗೆ ಬರುತ್ತಿದ್ದರು. ಒಬ್ಬರ ರೊಟ್ಟಿ ಇನ್ನೊಬ್ಬರಿಗೆ ಅದಲುಬದಲಾಗದಿರಲಿ ಎಂದು ಒಬ್ಬೊಬ್ಬರೂ ಹಸಿ ಹಿಟ್ಟಿನ ಮೇಲೆ ತಮ್ಮದೇ ಒಂದು ಬೆರಳಗುರುತು ಒತ್ತುತ್ತಿದ್ದರು. ನೇಕ್‌ಬಖ್ತ್ ಉರಿಯುವ ತಂದೂರಿನೊಳಗೆ ತೋಳು ಇಳಿಸಿ ರೊಟ್ಟಿ ಬಡಿಯುವಳು. ಹಲಗೆಗೊಂದು ರೊಟ್ಟಿ ಅವಳ ಕೂಲಿ. ಹೊಸ ಸರ್ಕಾರ ಬಂದ ಮೇಲೆ ದೊಡ್ಡ ಹುಡುಗಿಯರ ಶಾಲೆ ಮುಚ್ಚಿತು, ಹೆಂಗಸರು ಸ್ನಾನಕ್ಕೆ ಸೇರುವ ಹಮಾಮು ಮುಚ್ಚಿತು. ನಾಲ್ಕು ಜನ ಸೇರಿ ನಗಲು ಊರಲ್ಲಿ ಉಳಿದಿದ್ದ ಜಾಗ ಅದೊಂದೇ. ಅದೂ ಕಣ್ಣಿಗೆ ಬಿತ್ತು. ನಗು ಬೀದಿಗೆ ಕೇಳುತ್ತದೆಂದು, ಧರ್ಮ ಕಾಯಲು ಸರ್ಕಾರ ನೇಮಿಸಿದ ಬಿಳಿ ಅಂಗಿಯವರು ಬಂದು ಕೋಣೆಯ ಕಿಟಕಿಗೆ ಇಟ್ಟಿಗೆ ಇಡಿಸಿ ಹೋದರು. ಅಂದಿನಿಂದ ಹೆಂಗಸರು ಹೊಗೆಯಲ್ಲಿ ಕೆಮ್ಮುತ್ತಾ ನಕ್ಕರು.

ಆ ಬಿಳಿ ಅಂಗಿಯವರಲ್ಲಿ ಒಬ್ಬ ಇದೇ ಓಣಿಯ ಅಸ್ಮತುಲ್ಲಾ. ಹಿಂದಿನ ಸರ್ಕಾರದ ಕಾಲದಲ್ಲಿ ಅವನು ಬಜಾರಿನ ಮೂಲೆಯಲ್ಲಿ ಗೂಡಂಗಡಿ ಇಟ್ಟುಕೊಂಡು, ಕೂದಲಿಗೆ ಜೆಲ್ ಮೆತ್ತಿಕೊಂಡು, ಜನರ ಮೊಬೈಲಿಗೆ ಹಿಂದಿ ಸಿನಿಮಾ ಹಾಡು ತುಂಬಿಸಿಕೊಡುತ್ತಿದ್ದ. ಶಗೂಫಾಳ ಮೊಬೈಲಿಗೂ ತುಂಬಿಸಿದ್ದ. ಸರ್ಕಾರ ಬದಲಾದದ್ದೇ ತಡ, ಗಡ್ಡ ಬಿಟ್ಟ. ಗಡ್ಡದ ಜೊತೆಗೆ ಧರ್ಮವೂ ಉದ್ದವಾಯಿತು. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ. ಹುಟ್ಟಿನಿಂದ ಮದರಸಾದಲ್ಲೇ ಬೆಳೆದವರು ಕಂಡೂ ಕಾಣದಂತೆ ಬಿಡುವುದನ್ನು ಈ ಹಾಡಿನಂಗಡಿಯವನು ಬಿಡುತ್ತಿರಲಿಲ್ಲ.

ಅವನ ತಾಯಿ ಶಾಕೋಕೋ ಓಣಿಯ ಸೂಲಗಿತ್ತಿ. ಮಗನಿಗೆ ತದ್ವಿರುದ್ಧ. ಓಣಿಯ ಅರ್ಧ ಜನ ಅವಳ ಕೈಯಲ್ಲೇ ಭೂಮಿಗೆ ಬಿದ್ದವರು; ಶಗೂಫಾಳೂ ಹಾಗೆಯೇ.

ಶಗೂಫಾಳಿಗೆ ನೋವು ಬಂದ ದಿನ ಹಿಮ ಬೀಳುತ್ತಿತ್ತು. ಅವಳ ಗಂಡ ಇರಾನಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ. ಬೆಳಗಿನಿಂದ ಜೊತೆಗಿದ್ದ ಶಾಕೋಕೋ ಮಧ್ಯಾಹ್ನದ ಹೊತ್ತಿಗೆ ಕೈ ಒರೆಸಿಕೊಂಡು ಎದ್ದಳು. "ಮಗು ಅಡ್ಡ ತಿರುಗಿದೆ ನೇಕ್‌ಬಖ್ತ್. ಇದು ನನ್ನ ಕೈಲಾಗೋದಲ್ಲ. ಚಾರಿಕಾರ್ ಆಸ್ಪತ್ರೆಗೆ ಕರ್ಕೊಂಡ್ಹೋಗು, ಈಗ್ಲೇ ಹೊರಡು." ಓಣಿಯ ಗುಲಾಬ್ ತನ್ನ ಟ್ಯಾಕ್ಸಿ ತಂದ. ತಾಯಿ ಮಗಳು ಬುರ್ಖಾ ಹೊದ್ದು ಹಿಂದೆ ಕೂತರು. ಊರಾಚೆಯ ಸೇತುವೆಯ ಬಳಿ ಕಾವಲಿಗಿದ್ದವನು ಅಸ್ಮತುಲ್ಲಾ.

"ಮಹ್ರಮ್ ಎಲ್ಲಿ?" ಎಂದ. ಅಂದರೆ ಜೊತೆಗೆ ಮನೆಯ ಗಂಡಸು ಎಲ್ಲಿ ಎಂದು. ಆ ಮನೆಯಲ್ಲಿ ಗಂಡಸಿಲ್ಲವೆಂದು ಅವನಿಗೆ ಗೊತ್ತಿಲ್ಲವೇ? ಚಿಕ್ಕವನಿದ್ದಾಗ ಅದೇ ಮನೆಯಲ್ಲಿ ಬಿಸಿ ರೊಟ್ಟಿ ಕಿತ್ತು ತಿಂದವನು. ನೇಕ್‌ಬಖ್ತ್ ಕಾರಿನಿಂದಿಳಿದು, "ಅಸ್ಮತ್, ನಾನಪ್ಪಾ, ಶಗೂಫಾ ಸಾಯ್ತಾಳೆ" ಎಂದು ಕೂಗಿದಳು. "ದನಿ ತಗ್ಗಿಸು! ಹೆಂಗಸಿನ ದನಿ ಪರಗಂಡಸರ ಕಿವಿಗೆ ಬೀಳಬಾರದು" ಎಂದು ಗದರಿದ. ಬೇಡಿಕೊಳ್ಳಲು ಬಂದ ಗುಲಾಬನಿಗೆ ಬಂದೂಕಿನ ಹಿಂಬದಿಯಿಂದ ಒಂದು ಕೊಟ್ಟ. ಮೇಲಿನವರು ಬರಲಿ, ಅವರು ಹೇಳಿದರೆ ಬಿಡುತ್ತೇನೆಂದು ಕಾವಲು ಗುಡಿಸಲೊಳಗೆ ಹೋಗಿ ಊಟಕ್ಕೆ ಕೂತ. ಬಾಗಿಲು ತೆರೆದೇ ಇತ್ತು. ಅವನು ಮುರಿಯುತ್ತಿದ್ದ ರೊಟ್ಟಿ ನೇಕ್‌ಬಖ್ತ್‌ಗೆ ಕಾಣುತ್ತಿತ್ತು. ಅದರ ಮೇಲೆ ಶಾಕೋಕೋಳ ಬೆರಳಗುರುತಿತ್ತು. ಹಿಂದಿನ ದಿನ ತಾನೇ ಸುಟ್ಟುಕೊಟ್ಟ ರೊಟ್ಟಿ.

ಮೇಲಿನವರು ಬಂದರು, ಬಿಡು ಎಂದರು. ಆಸ್ಪತ್ರೆಯ ಡಾಕ್ಟರಮ್ಮ, ಒಂದು ಗಂಟೆ ಮುಂಚೆ ಬಂದಿದ್ದರೆ ಎಂದಳು. ತಾಯಿಯನ್ನೂ ಮಗುವನ್ನೂ ಒಂದೇ ಗುಂಡಿಯಲ್ಲಿಟ್ಟರು.

ಓಣಿಯಲ್ಲಿ ಹಬ್ಬಿದ ಮಾತೇ ಬೇರೆ. ದಾರಿಯಲ್ಲಿ ಹಿಮ ಕಟ್ಟಿತ್ತಂತೆ ಎಂದು ಅಸ್ಮತುಲ್ಲಾ ಮನೆಯಲ್ಲಿ ಹೇಳಿದ್ದ. ಏಟು ತಿಂದ ಗುಲಾಬ್ ಬಾಯಿಗೆ ಬೀಗ ಹಾಕಿಕೊಂಡ. ಉಳಿದವಳು ಯಾರು? ಸೂಲಗಿತ್ತಿ. ಮುದುಕಿ ಬೆಳಗಿನಿಂದ ಇಟ್ಟುಕೊಂಡು ಕೂತಳು, ತಡವಾಗಿ ಕಳಿಸಿದಳು, ಕೈ ಹಳತಾಯಿತು ಎಂದು ಜನ ಆಡಿಕೊಂಡರು. ಶಾಕೋಕೋ ಅದನ್ನೇ ನಂಬಿದಳು. ಹೆರಿಗೆ ಮಾಡಿಸುವುದನ್ನೇ ಬಿಟ್ಟಳು. ತಂದೂರಿನ ಪಕ್ಕ ಕೂತು ತನ್ನ ಎರಡು ಕೈಗಳನ್ನು ನೋಡಿಕೊಂಡು, "ಇವು ಸೇದಿಹೋಗ್ಲಿ" ಎಂದು ಅಳುವಳು. ನೇಕ್‌ಬಖ್ತ್ ಸುಮ್ಮನೆ ರೊಟ್ಟಿ ಬಡಿಯುವಳು. ಮೊದಲು ಸುಮ್ಮನಿದ್ದದ್ದು ಹೆದರಿಕೆಗೆ. ಆಮೇಲೆ ಹೆದರಿಕೆ ಹೋಯಿತು, ಸುಮ್ಮನಿರುವುದು ಹೋಗಲಿಲ್ಲ. ಅವನನ್ನು ಹೆತ್ತ ಹೊಟ್ಟೆಯಲ್ಲವೇ, ಉರಿಯಲಿ ಎಂದುಕೊಂಡಳು. ಅವಳ ಮನಸ್ಸು ಆಗ ಹಾಗಿತ್ತು. ಅದನ್ನು ಬೆಣ್ಣೆ ಸವರಿ ಹೇಳಲು ನನಗೆ ಬರುವುದಿಲ್ಲ.

ಬೇಸಿಗೆ ಹತ್ತಿರ ಬಂದಾಗ ಅಸ್ಮತುಲ್ಲಾನಿಗೆ ಹಜ್‌ಗೆ ಹೋಗುವ ಅವಕಾಶ ಸಿಕ್ಕಿತು. ಹಜ್‌ಗೆ ಹೊರಡುವವನು ಮನೆಮನೆಗೆ ಹೋಗಿ ಮಾಫಿ ಕೇಳಬೇಕು. ಅವನೂ ಕೇಳುತ್ತಾ ಬಂದ. ಕಿಟಕಿ ಮುಚ್ಚಿಸಿಕೊಂಡವರು, ಗಡ್ಡ ಗಿಡ್ಡವೆಂದು ಹೊಡೆಸಿಕೊಂಡವರು, ಎಲ್ಲರೂ ಬಾಗಿಲಿಗೆ ಬಂದು, "ಮಾಫ್ ಮಾಡಿದ್ವಿ, ನಮಗೂ ದುವಾ ಮಾಡಿ" ಎಂದರು. ಇನ್ನೇನು ಅನ್ನುತ್ತಾರೆ, ಪಾಪ! ಕೇಳುವವನ ಹೆಗಲಲ್ಲಿ ಬಂದೂಕಿತ್ತು. ಮನೆಯಲ್ಲಿ ಗಂಡಸಿಲ್ಲದ ಬಾಗಿಲು ನೇಕ್‌ಬಖ್ತಳದೊಂದೇ.

"ಖಾಲಾ, ನಾನು ಅಸ್ಮತ್" ಎಂದ, ಮುಚ್ಚಿದ ಬಾಗಿಲಿಗೆ, ಚಿಕ್ಕಮ್ಮನೆಂದು ಕರೆದು. "ಹಜ್‌ಗೆ ಹೊರಟಿದ್ದೀನಿ. ಗೊತ್ತಿದ್ದೋ ಗೊತ್ತಿಲ್ದೆಯೋ ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ."

ಬಾಗಿಲು ತಟ್ಟಿದ.

"ಖಾಲಾ? ಕೇಳಿಸ್ತಾ?"

ನೇಕ್‌ಬಖ್ತ್ ಬಾಗಿಲ ಹಿಂದೆಯೇ ಕುಕ್ಕರಗಾಲಲ್ಲಿ ಕೂತಿದ್ದಳು. ತಲೆವಸ್ತ್ರದ ಸೆರಗು ಬಾಯಿಗೆ ತುರುಕಿಕೊಂಡಿದ್ದಳು, ನಗು ತಡೆಯಲು. ಮಗಳು ಸತ್ತ ಮೇಲೆ ಮೊದಲ ಸಲ ಬಂದ ನಗು ಅದು, ಒಳ್ಳೆಯ ನಗುವಲ್ಲ.

ಎದುರುಗಡೆ ಟ್ಯಾಕ್ಸಿ ಒರೆಸುತ್ತಿದ್ದ ಗುಲಾಬ್ ತಲೆ ಎತ್ತದೆ ಹೇಳಿದ. "ಸಾಹೇಬ್ರೆ, ಹೆಂಗಸಿನ ದನಿ ಹೊರಗೆ ಕೇಳಬಾರದು ಅಂತ ನೀವೇ ಅಲ್ವಾ ಅಂದಿದ್ದು? ಪಾಪ, ಆಯಮ್ಮ ಪಾಲಿಸ್ತಿದ್ದಾಳೆ."

ಅಸ್ಮತುಲ್ಲಾ ಮತ್ತೆ ಬಂದ, ಮತ್ತೆ ಮತ್ತೆ ಬಂದ. ಬಾಗಿಲು ಬಾಗಿಲಾಗಿಯೇ ಇತ್ತು. ಓಣಿಯಲ್ಲಿ ಗುಸುಗುಸು ಎದ್ದಿತು. ಅವನು ಮಸೀದಿಯ ಮುದಿ ಮುಲ್ಲಾನ ಬಳಿ ಓಡಿದ. ಮುಲ್ಲಾ ಇದ್ದದ್ದನ್ನು ಇದ್ದಂತೆ ಹೇಳಿದ. "ದೇವರಿಗೆ ಮಾಡಿದ ತಪ್ಪನ್ನ ದೇವರು ಬಿಡ್ತಾನೆ ಮಗನೇ. ಮನುಷ್ಯರಿಗೆ ಮಾಡಿದ್ದನ್ನ ಆ ಮನುಷ್ಯರೇ ಬಿಡ್ಬೇಕು. ಅದರಲ್ಲಿ ದೇವರೂ ಕೈ ಹಾಕಲ್ಲ."

ಅವನಿಗೆ ನಿಜವಾಗಿಯೂ ದಿಗಿಲಾಯಿತು. ಏನೇ ಅನ್ನಿ, ಅವನು ನರಕವನ್ನು ನಂಬಿದವನು. ಹೆಂಡತಿ ರಾಹಿಲಾಳ ಕೈಯಲ್ಲಿ ಸಕ್ಕರೆ ಬಾದಾಮಿ, ಒಂದು ಅಂಗಿಬಟ್ಟೆ ಕೊಟ್ಟು ಕಳಿಸಿದ.

"ಖಾಲಾ, ಅವರು ಊಟಾನೇ ಬಿಟ್ಟಿದ್ದಾರೆ. ಒಂದು ಮಾತು ಅಂದ್ಬಿಡಿ, ನಾನು ಹೋಗಿ ಹೇಳ್ತೀನಿ."

"ಊಟ ಬಿಟ್ಟಿದ್ದಾನಾ? ಪರ್ವಾಗಿಲ್ಲ, ಕಲ್ತಿದ್ದಾನೆ" ಎಂದಳು ನೇಕ್‌ಬಖ್ತ್. "ನೋಡು ರಾಹಿಲಾ, ಬಾದಾಮಿ ನೀನೇ ತಿನ್ನು, ಬಸುರಿ ಇದ್ದೀಯ. ತಪ್ಪು ಮಾಡಿದವನು ಅವನು, ಬಾಯಿ ನಿಂದಾದ್ರೆ ಆಗಲ್ಲ. ಜುಮ್ಮಾ ನಮಾಜ್ ಮುಗಿದ ಮೇಲೆ ಬರಲಿ. ಮುಲ್ಲಾ ಬರಲಿ, ಓಣಿ ಗಂಡಸರು ಇರಲಿ. ನೇಕ್‌ಬಖ್ತ್ ಮಾತಾಡಬಹುದು ಅಂತ ಅವನೇ ಎಲ್ಲರೆದುರು ಕೂಗಿ ಹೇಳ್ಲಿ. ಮತ್ತೆ ಅವನ ಅಮ್ಮನೂ ಜೊತೇಲಿರಬೇಕು."

"ಅತ್ತೆ ಯಾಕೆ ಖಾಲಾ?"

"ಇರಬೇಕು."

ಶುಕ್ರವಾರ ಬಂದರು. ಮುಲ್ಲಾ ಕೋಲೂರಿಕೊಂಡು ಮುಂದೆ, ಗಂಡಸರು ಗೋಡೆಗುಂಟ ಸಾಲಾಗಿ, ಹಿಂದೆ ಬುರ್ಖಾ ಹೊದ್ದ ಶಾಕೋಕೋ. ಓಣಿಯ ಒಂದೊಂದು ಬಾಗಿಲ ಸಂದಿಯಲ್ಲೂ ಒಂದೊಂದು ಕಣ್ಣಿತ್ತು.

"ಖಾಲಾ, ಮಾತಾಡಿ. ನಾನೇ ಹೇಳ್ತಿದ್ದೀನಿ" ಎಂದ ಅಸ್ಮತುಲ್ಲಾ.

ಒಳಗಿನಿಂದ ದನಿ ಬಂತು. "ನನ್ನ ದನಿ ಕೇಳಿದ್ರೆ ಪಾಪ ಅಲ್ವೇನಪ್ಪಾ?"

"ಅಲ್ಲ."

"ಜೋರಾಗಿ ಹೇಳು. ಮುಲ್ಲಾ ಸಾಹೇಬರಿಗೆ ಕಿವಿ ಮಂದ."

"ಪಾಪ ಅಲ್ಲ!" ಎಂದು ಕೂಗಿದ. ಯಾರೋ ಕೆಮ್ಮಿದಂತೆ ಮಾಡಿ ನಕ್ಕರು.

"ಸರಿ. ಏನನ್ನ ಮಾಫ್ ಮಾಡ್ಲಿ?"

"ಗೊತ್ತಿದ್ದೋ ಗೊತ್ತಿಲ್ದೆಯೋ..."

"ಗೊತ್ತಿಲ್ದೆ ಮಾಡಿದ್ದನ್ನೆಲ್ಲ ಈಗ್ಲೇ ಬಿಟ್ಟೆ, ತಗೊಂಡ್ಹೋಗು. ಗೊತ್ತಿದ್ದು ಮಾಡಿದ್ದು ಹೇಳು."

ಅಸ್ಮತುಲ್ಲಾ ಮುಲ್ಲಾನ ಮುಖ ನೋಡಿದ. "ಯಾವ ತಪ್ಪು ಅಂತ ಹೆಸರಿಟ್ಟೇ ಕೇಳ್ಬೇಕು, ಕೇಳು" ಎಂದ ಮುಲ್ಲಾ. ಅವನು ತಾಯಿಯತ್ತ ತಿರುಗಿದ. "ಅಮ್ಮಾ, ನೀನು ಮನೆಗೆ ಹೋಗು."

"ನಿನ್ನ ಅಮ್ಮ ಹೋದ್ರೆ ನಾನು ಬಾಯಿ ಮುಚ್ತೀನಿ" ಎಂದಿತು ಬಾಗಿಲು.

ಶಾಕೋಕೋ ಕದಲಲಿಲ್ಲ. ಬಿಸಿಲಲ್ಲಿ ಅವನ ಹಣೆಯಿಂದ ಬೆವರು ಇಳಿಯಿತು.

"ಚಳಿಗಾಲದಲ್ಲಿ... ಸೇತುವೆ ಹತ್ರ... ಟ್ಯಾಕ್ಸಿ ನಿಲ್ಲಿಸಿದ್ದೆ."

"ಒಳಗೆ ಯಾರಿದ್ರು?"

"ನೀವು. ಶಗೂಫಾ."

"ಅವಳಿಗೆ ಏನಾಗಿತ್ತು?"

"ನೋವು ಬಂದಿತ್ತು. ಆ ದಿನ ಹಿಮ ಜಾಸ್ತಿ ಇತ್ತು ಖಾಲಾ, ದಾರಿ..."

"ಹಿಮದ ಮಾತು ನಾನು ಕೇಳ್ಲಿಲ್ಲ. ದಾರಿ ತೆರೆದಿತ್ತು, ಗುಲಾಬ್ ಅಲ್ಲೇ ನಿಂತಿದ್ದಾನೆ. ಎಷ್ಟು ಹೊತ್ತು ನಿಲ್ಲಿಸಿದ್ದೆ?"

"ಮೇಲಿನವರು ಬರೋವರೆಗೆ."

"ಅಲ್ಲೀವರೆಗೆ ಏನು ಮಾಡ್ತಿದ್ದೆ?"

ಅವನು ಹೆಗಲ ಬಂದೂಕು ಸರಿಮಾಡಿಕೊಂಡ.

"ಹೇಳೋ! ನನ್ನ ಮಗಳು ಕಾರಿನ ಸೀಟು ಕಚ್ಕೊಂಡು ಒದ್ದಾಡುವಾಗ ನೀನು ಒಳಗೆ ಕೂತು ಏನು ಮಾಡ್ತಿದ್ದೆ?"

"ಊಟ" ಎಂದ.

ಮುಲ್ಲಾ ಗಂಟಲು ಸರಿಮಾಡಿಕೊಂಡು, "ಒಪ್ಕೊಂಡಿದ್ದಾನೆ ತಾಯೀ. ಮಾಫ್ ಮಾಡೋದು ದೊಡ್ಡ ಗುಣ. ಮಾಡಿದವರಿಗೂ ಪುಣ್ಯ ಇದೆ" ಎಂದ.

"ಆ ಪುಣ್ಯ ನನಗೆ ಬೇಡ ಮುಲ್ಲಾ ಸಾಹೇಬ್. ಹೊಟ್ಟೆಗೆ ಹಾಕ್ಕೋ ಅಂತಾನೆ. ನನ್ನ ಹೊಟ್ಟೇಲಿ ಹುಟ್ಟಿದ್ದನ್ನ ಮಣ್ಣಿಗೆ ಹಾಕಿಸ್ದ. ಮಾಫ್ ಮಾಡಲ್ಲ. ಇವತ್ತಿಲ್ಲ, ಸಾಯೋ ದಿನಾನೂ ಇಲ್ಲ, ಎಲ್ಲರನ್ನೂ ಎಬ್ಬಿಸಿ ಲೆಕ್ಕ ಕೇಳ್ತಾರಲ್ಲ, ಅವತ್ತೂ ಇಲ್ಲ. ಹೋಗೋ ಅಸ್ಮತ್, ಹಜ್‌ಗೆ ಹೋಗು. ಕಾಬಾದ ಸುತ್ತ ಸುತ್ತುವಾಗ ನಾನು ಬಿಟ್ಟಿಲ್ಲ ಅನ್ನೋದು ನೆನಪಿರ್ಲಿ."

ಹೇಳಿ ಮುಗಿಸಿದಾಗ ಅವಳ ಎದೆ ಹಗುರಾಯಿತು. ಸೇಡು ಸಿಹಿಯಲ್ಲ ಎನ್ನುವವರಿಗೆ ಸೇಡು ಸಿಕ್ಕಿಲ್ಲ, ಅಷ್ಟೆ. ಆದರೆ ಅವಳು ಕಾದಿದ್ದದ್ದು ಇದಕ್ಕಲ್ಲ. ಬಾಗಿಲ ಸಂದಿಗೆ ಕಣ್ಣಿಟ್ಟು ಶಾಕೋಕೋಳ ನೀಲಿ ಬುರ್ಖಾವನ್ನೇ ನೋಡುತ್ತಿದ್ದಳು. ನನ್ನ ಮಗಳನ್ನು ನನ್ನಿಂದ ಕಿತ್ತವನಿಗೆ ತಾಯಿ ಉಳಿಯಬಾರದು. ಇಷ್ಟು ದಿನ ಅವಳ ಪ್ರಾರ್ಥನೆಯೆಲ್ಲ ಅದೇ ಆಗಿತ್ತು.

ಶಾಕೋಕೋ ಮುಂದೆ ಬಂದಳು. ಅಷ್ಟು ಗಂಡಸರ ಮುಂದೆ ಬುರ್ಖಾದ ಮುಸುಕನ್ನು ತಲೆಯ ಮೇಲಕ್ಕೆ ಎತ್ತಿಬಿಟ್ಟಳು. ಗಂಡಸರು ಗಾಬರಿಯಾಗಿ ಮುಖ ತಿರುಗಿಸಿದರು.

"ನನ್ನ ಕೈಯಲ್ವಾ?" ಎಂದಳು ಮಗನಿಗೆ. "ನಾನು ತಡ ಮಾಡಿದ್ದಲ್ವಾ?"

"ಅಮ್ಮಾ, ನಿಯಮ ಇತ್ತು, ನಾನೇನು ಮಾಡ್ಲಿ..."

"ಮನೆಗೆ ಬಂದು ನನ್ನ ಪಕ್ಕ ಕೂತೆ. ನಾನು ಕೈ ಸೇದಿಹೋಗ್ಲಿ ಅಂತ ಅಳ್ತಿದ್ರೆ, ಅಳಬೇಡಮ್ಮಾ, ದೇವರ ಇಚ್ಛೆ ಅಂದೆ. ನಿನ್ನ ಬಾಯಲ್ಲೇ ಅಂದೆ." ಅವಳ ದನಿ ಏರಲೇ ಇಲ್ಲ. "ಅಸ್ಮತ್, ನಾನು ಕುಡಿಸಿದ ಹಾಲನ್ನ ನಿನಗೆ ಬಿಟ್ಕೊಡಲ್ಲ. ಎಲ್ಲರೂ ಕೇಳಿಸ್ಕೊಳ್ಳಿ. ನನ್ನ ಹಾಲು ಇವನಿಗೆ ಹಲಾಲ್ ಅಲ್ಲ."

ಹೆತ್ತವಳು ಹಾಲಿನ ಹಕ್ಕು ಬಿಡದವನಿಗೆ ಹಜ್ ಇಲ್ಲ, ನಮಾಜೂ ಇಲ್ಲ. ಇದು ಆ ನಾಡಿನಲ್ಲಿ ಕುರಿ ಕಾಯುವವನಿಗೂ ಗೊತ್ತು. ಅಸ್ಮತುಲ್ಲಾ ಓಣಿಯ ಮಣ್ಣಿನಲ್ಲಿ ಮೊಣಕಾಲೂರಿ ತಾಯಿಯ ಪಾದ ಹಿಡಿಯಹೋದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಬಂದೂಕು ಹೆಗಲಿಂದ ಜಾರಿ ಪಕ್ಕಕ್ಕೆ ಬಿತ್ತು, ಎತ್ತಿಕೊಡಲು ಯಾರೂ ಬಗ್ಗಲಿಲ್ಲ. ಕೊನೆಗೆ ಮುಲ್ಲಾನೇ ಅವನ ತೋಳು ಹಿಡಿದು ಎಬ್ಬಿಸಿ ಕರೆದುಕೊಂಡು ಹೋದ.

ಓಣಿ ಖಾಲಿಯಾದ ಮೇಲೆ ನೇಕ್‌ಬಖ್ತ್ ಬಾಗಿಲು ತೆರೆದಳು. ಶಾಕೋಕೋ ಅಲ್ಲೇ ನಿಂತಿದ್ದಳು.

"ನಿನಗೆ ಗೊತ್ತಿತ್ತು" ಎಂದಳು ಮುದುಕಿ.

"ಗೊತ್ತಿತ್ತು."

"ಚಳಿಗಾಲದಿಂದ. ನಾನು ನಿನ್ನ ತಂದೂರಿನ ಪಕ್ಕ ಕೂತು ಅಳೋವಾಗೆಲ್ಲ."

"ಹೌದು. ನೀನು ಅವನನ್ನ ಹೆತ್ತವಳು."

ಶಾಕೋಕೋ ಹೊಸ್ತಿಲ ಹತ್ತಿರ ಬಂದಳು. "ನಿನ್ನ ಜಾಗದಲ್ಲಿ ನಾನಿದ್ರೂ ಹೀಗೇ ಮಾಡ್ತಿದ್ನೇನೋ. ಆದ್ರೆ ನಿನ್ನನ್ನೂ ಮಾಫ್ ಮಾಡಲ್ಲ, ನೇಕ್‌ಬಖ್ತ್."

"ನಾನು ಕೇಳಿಲ್ಲ."

ಮುದುಕಿ ತಲೆಯಾಡಿಸಿದಳು. ಮಗನ ಮನೆಗೆ ಇನ್ನು ಅವಳು ಹೋಗುವಂತಿರಲಿಲ್ಲ. ಗಂಡಸಿನ ಆಸರೆಯಿಲ್ಲದ ಹೆಂಗಸು ಹೊಗಬಹುದಾದ ಮನೆ ಆ ಊರಿನಲ್ಲಿ ಇದ್ದದ್ದು ಇದೊಂದೇ. ಅವಳು ಚಪ್ಪಲಿ ಬಿಟ್ಟು, ನೇಕ್‌ಬಖ್ತಳನ್ನು ಸವರಿಕೊಂಡೇ ಒಳಗೆ ಹೋಗಿ, ಹೊಗೆಯಲ್ಲಿ ಗೋಡೆಗೊರಗಿ ಕೂತಳು. ನೇಕ್‌ಬಖ್ತ್ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ರಾತ್ರಿಯ ಊಟಕ್ಕೆ ಇಬ್ಬರಿಗಾಗುವಷ್ಟು ಹಿಟ್ಟು ತೆಗೆದಳು.